ಮಗು ಉಳಿಯದಿದ್ದರೂ ತಾಯಿ ಬಾಣಂತಿಯೇ: ಡಿಸ್ಚಾರ್ಜ್ ಆಗುವ ಮುಂಚೆ ಇಷ್ಟನ್ನು ಕೇಳಿಕೊಳ್ಳಿ

ಐದನೇ ತಿಂಗಳಲ್ಲಿ ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಅದು ಯಾರ ತಪ್ಪೂ ಅಲ್ಲ. ಆದರೆ ಅದಾದ ಮೇಲೆ ಆಸ್ಪತ್ರೆಯಲ್ಲಿ ನನ್ನನ್ನು ನೋಡಿಕೊಂಡ ರೀತಿಯಲ್ಲಿ ತಪ್ಪುಗಳಿದ್ದವು. ಒಂದು ತಪ್ಪಂತೂ ಮುಂದೆ ಹುಟ್ಟುವ ಮಗುವಿನ ಜೀವಕ್ಕೇ ಕುತ್ತು ತರುವಂಥದ್ದು. ಬೇರೆಯವರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ. ಬಸುರಿ ಹೆಂಗಸು ಇಂಥದ್ದನ್ನೆಲ್ಲ ಓದಬಾರದು ಅಂತ ಮನೆಯ ಹಿರಿಯರು ಹೇಳಬಹುದು. ಹಾಗಾದರೆ ಗಂಡ ಓದಲಿ, ಅಕ್ಕನೋ ಅಮ್ಮನೋ ಓದಲಿ. ಜೊತೆಯಲ್ಲಿ ಇರುವವರಲ್ಲಿ ಒಬ್ಬರಿಗಾದರೂ ಇದು ಗೊತ್ತಿರಬೇಕು.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇವೆ, ವಿಚಾರಣೆ ಇನ್ನೂ ಮುಗಿದಿಲ್ಲ. ನಮ್ಮ ಜಿಲ್ಲಾ ಕೇಂದ್ರದಲ್ಲಿರುವ ಒಂದು ಖಾಸಗಿ ನರ್ಸಿಂಗ್ ಹೋಂ. ಸುತ್ತಲಿನ ಹಳ್ಳಿಯವರೆಲ್ಲ ಹೆರಿಗೆಗೆ ಹೋಗುವ ಜಾಗ. ಹೆರಿಗೆ ಚೆನ್ನಾಗಿಯೇ ಮಾಡಿಸುತ್ತಾರೆ, ಅದನ್ನು ಇಲ್ಲ ಅನ್ನುವುದಿಲ್ಲ. ಮಗು ಬದುಕಿ ಬರದಿದ್ದಾಗ ಮಾತ್ರ ಅಲ್ಲಿ ತಾಯಿಯನ್ನು ಕೇಳುವವರೇ ಇರುವುದಿಲ್ಲ.

ಐದನೇ ತಿಂಗಳ ದೊಡ್ಡ ಸ್ಕ್ಯಾನಿಂಗ್‌ಗೆ ಹೋಗಿದ್ದೆವು. ಮಗುವಿನ ಅಂಗಾಂಗ ಎಲ್ಲ ಸರಿ ಇದೆಯಾ ಅಂತ ನೋಡುತ್ತಾರಲ್ಲ, ಅದು. ಸ್ಕ್ಯಾನ್ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರು. ಹೊರಗೆ ಕೂತಿರಿ ಅಂದರು. ಸ್ವಲ್ಪ ಹೊತ್ತಾದ ಮೇಲೆ ಕೌಂಟರಿನ ಹುಡುಗಿ ಕವರ್ ಕೊಡುತ್ತಾ, "ಹಾರ್ಟ್‌ಬೀಟ್ ಇಲ್ಲ ಅಂತ ಬರೆದಿದ್ದಾರೆ ಮೇಡಂ, ಡಾಕ್ಟರಿಗೆ ತೋರಿಸಿಬಿಡಿ" ಅಂದಳು. ಪಕ್ಕದಲ್ಲಿ ಟೋಕನ್ ಹಿಡಿದು ಜನ ನಿಂತಿದ್ದರು. ನನ್ನ ಮಗು ಇಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಹೀಗೆ. ಇಂಥ ಸುದ್ದಿಯನ್ನು ಡಾಕ್ಟರೇ ಒಳಗೆ ಕೂರಿಸಿಕೊಂಡು, ಮನೆಯವರನ್ನು ಜೊತೆಗೆ ಕರೆದು ಹೇಳಬೇಕು. ಐದು ನಿಮಿಷದ ಕೆಲಸ ಅದು.

ಅಡ್ಮಿಟ್ ಮಾಡಿಕೊಂಡರು. "ಮಾತ್ರೆ ಇಡ್ತೀವಿ, ಮುಟ್ಟಿನ ನೋವಿನ ಥರ ಬರುತ್ತೆ, ಆಮೇಲೆ ಎಲ್ಲ ಆಗಿಹೋಗುತ್ತೆ" ಅಂದರು. ಇದು ನಿಜ ಅಲ್ಲ. ಎರಡು ಮೂರನೇ ತಿಂಗಳಲ್ಲಾದರೆ ಹಾಗೆ ಇರಬಹುದೇನೋ. ಐದನೇ ತಿಂಗಳಲ್ಲಿ ಬರುವುದು ಹೆರಿಗೆ ನೋವೇ. ನೋವು ಬರಿಸಲು ಇಡುವ ಮಿಸೋಪ್ರೊಸ್ಟಾಲ್ ಮಾತ್ರೆಗೆ ಚಳಿ ಬಂದು ಮೈ ನಡುಗುತ್ತದೆ, ಜ್ವರ ಬರುತ್ತದೆ, ಭೇದಿಯೂ ಆಗಬಹುದು. ಇದೆಲ್ಲ ಮಾಮೂಲಿ ಅಂತ ಒಬ್ಬರಾದರೂ ಮೊದಲೇ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಹಲ್ಲು ಕಟಕಟ ಅನ್ನುವಾಗ ನಾನೂ ಹೋಗಿಬಿಡುತ್ತೇನೆ ಅಂದುಕೊಂಡಿದ್ದೆ. ನೋವಿಗೆ ಏನಾದರೂ ಕೊಡಿ ಅಂತ ಅಮ್ಮ ಕೇಳಿದರೆ, "ಇದೇನು ತುಂಬು ತಿಂಗಳ ಹೆರಿಗೆ ಅಲ್ವಲ್ಲಮ್ಮಾ, ತಡ್ಕೊಳ್ಳೋಕೆ ಹೇಳಿ" ಅಂದರು ಸಿಸ್ಟರ್. ನೋವಿಗೆ ಇಂಜೆಕ್ಷನ್ ಇದೆ. ಮಗು ಉಳಿದಿರದ ಹೆರಿಗೆಯಲ್ಲಿ ಅದನ್ನು ತಡೆಹಿಡಿಯಲು ಕಾರಣವೇ ಇಲ್ಲ. ಡ್ಯೂಟಿ ಡಾಕ್ಟರನ್ನು ಕರೆಸಿ ಕೇಳಿ. ಬಾಯಿ ಬಿಟ್ಟು ಕೇಳಿ.

ಮಗು ಬಂದಾಗ ನಡುರಾತ್ರಿ ದಾಟಿತ್ತು. ಹಸಿರು ಬಟ್ಟೆ ಮುಚ್ಚಿದ ಸ್ಟೀಲ್ ಟ್ರೇ ಒಂದನ್ನು ತೆಗೆದುಕೊಂಡು ಹೋದರು. ನೋಡಬೇಕು ಅಂದೆ. "ಬೇಡ, ಆಮೇಲೆ ಕನಸಲ್ಲಿ ಬರುತ್ತೆ" ಅಂದು ಬಾಗಿಲು ದಾಟಿಬಿಟ್ಟರು. ಗಂಡೋ ಹೆಣ್ಣೋ ಅದನ್ನೂ ಹೇಳಲಿಲ್ಲ. ಬೆಳಗ್ಗೆ ಕೇಳಿದರೆ ಹಳದಿ ಚೀಲಕ್ಕೆ ಹೋಗಿದೆ ಅಂದರು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಇಷ್ಟು ಚಿಕ್ಕ ಮಗುವಿನ ದೇಹ ಹಳದಿ ಚೀಲಕ್ಕೇ ಸೇರುತ್ತದೆ, ಅದು ನಿಜ. ಆದರೆ ಚೀಲಕ್ಕೆ ಹಾಕುವ ಮುಂಚೆ ತಾಯಿಗೆ ತೋರಿಸಬಾರದು ಅಂತ ಯಾವ ನಿಯಮವೂ ಇಲ್ಲ. ನೋಡಬೇಕಾ ಬೇಡವಾ ಅನ್ನುವುದು ತಾಯಿಗೆ ಬಿಟ್ಟಿದ್ದು. ಬೇಡ ಅನ್ನುವವರಿಗೆ ಬಲವಂತ ಮಾಡಬಾರದು. ಬೇಕು ಅನ್ನುವವರಿಗೆ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಡಬೇಕು. ನೋಡಬೇಕು, ಇಲ್ಲವೇ ನಾವೇ ಮಣ್ಣು ಮಾಡಬೇಕು ಅಂತಿದ್ದರೆ ನೋವು ಶುರುವಾಗುವ ಮುಂಚೆಯೇ ಹೇಳಿಡಿ. ಒಂದು ಪತ್ರ ಬರೆದುಕೊಡಿ, ಪತ್ರದ ಪ್ರತಿ ನಿಮ್ಮ ಹತ್ತಿರ ಇರಲಿ. ಆಮೇಲೆ ಕೇಳಿದರೆ ಕಾಲ ಮಿಂಚಿರುತ್ತದೆ.

ಪರೀಕ್ಷೆಯ ವಿಷಯವೂ ಹೀಗೆಯೇ. ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ ಮಾಸನ್ನು ಲ್ಯಾಬಿಗೆ ಕಳಿಸಬೇಕು. ಕ್ರೋಮೋಸೋಮ್ ಪರೀಕ್ಷೆ ಮಾಡಿಸುವುದಾದರೆ ಮಾದರಿಯನ್ನು ಸಲೈನ್‌ನಲ್ಲಿ ಹಾಕಬೇಕು. ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿ ಹಾಕಿದರೆ ಜೀವಕೋಶ ಸತ್ತುಹೋಗಿ ಆ ಪರೀಕ್ಷೆ ಆಗುವುದಿಲ್ಲ. ನಮ್ಮನ್ನು ಯಾರೂ ಏನೂ ಕೇಳಲಿಲ್ಲ, ಏನನ್ನೂ ಕಳಿಸಲಿಲ್ಲ. ಕಾರಣ ಏನಿತ್ತು ಅಂತ ನನಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.

ಆಮೇಲೆ ನನ್ನನ್ನು ಬಾಣಂತಿಯರ ವಾರ್ಡಿಗೇ ಹಾಕಿದರು. ಎರಡೂ ಪಕ್ಕದ ಮಂಚದಲ್ಲಿ ಎಳೆ ಕೂಸುಗಳು. ಬೆಳಗ್ಗೆ ಡ್ಯೂಟಿ ಬದಲಾಯಿತು. ಹೊಸದಾಗಿ ಬಂದ ಸಿಸ್ಟರ್ ಫೈಲ್ ತಿರುವುತ್ತಾ "ಮಗು ಎಲ್ಲಮ್ಮಾ? ಹಾಲು ಕುಡಿಸಿದ್ರಾ?" ಅಂದರು. ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡರು. ಉತ್ತರ ನಾನೇ ಹೇಳಬೇಕಾಯಿತು. ಮಧ್ಯಾಹ್ನ ಪಕ್ಕದ ಮಂಚದ ಹುಡುಗಿಯ ಅತ್ತೆ ಮೊಮ್ಮಗ ಹುಟ್ಟಿದ ಖುಷಿಗೆ ವಾರ್ಡಿಗೆಲ್ಲ ಪೇಡ ಹಂಚುತ್ತಾ ನನ್ನ ಮುಂದೆಯೂ ಡಬ್ಬಿ ಹಿಡಿದರು. ಪಾಪ, ಅವರಿಗೇನು ಗೊತ್ತು. ಗೊತ್ತಿದ್ದ ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು, ಸುಮ್ನೆ ನೋಡುತ್ತಿದ್ದರು. ನಾನು ಒಂದು ಪೇಡ ತಗೊಂಡೆ. ಬೇಡ ಅಂದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತಲ್ಲ.

ಬೇರೆ ಕೆಲವು ದೇಶಗಳ ಆಸ್ಪತ್ರೆಗಳಲ್ಲಿ ಇಂಥ ತಾಯಿಯ ಬಾಗಿಲಿಗೆ ಒಂದು ಚಿಟ್ಟೆಯ ಚಿತ್ರವನ್ನೋ ಎಲೆಯ ಚಿತ್ರವನ್ನೋ ಅಂಟಿಸುತ್ತಾರೆ. ಊಟ ತರುವವರಿಂದ ಹಿಡಿದು ಎಲ್ಲರಿಗೂ ಒಳಗೆ ಹೋಗುವ ಮುಂಚೆಯೇ ತಿಳಿಯಲಿ ಅಂತ. ಇದಕ್ಕೆ ಖರ್ಚೇ ಇಲ್ಲ ಅಲ್ವಾ? ನಮ್ಮಲ್ಲಿ ಕೊನೇ ಪಕ್ಷ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಸಾಲು ಬರೆಯಬಹುದು. ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್ ಇರುತ್ತಾರೆ, ಕೂರಲು ಪುರುಸೊತ್ತಿರುವುದಿಲ್ಲ, ಅದನ್ನೆಲ್ಲ ನಾನೂ ನೋಡಿದ್ದೇನೆ. ಆದರೆ ಫೈಲಿನ ಮೇಲಿನ ಆ ಒಂದು ಸಾಲು ಅವರ ಕೆಲಸವನ್ನೂ ಹಗುರ ಮಾಡುತ್ತದೆ. ನೀವು ಅಡ್ಮಿಟ್ ಆಗುವಾಗಲೇ ಬೇರೆ ರೂಮ್ ಕೇಳಿ. ರೂಮ್ ಇಲ್ಲ ಅಂದರೆ ಸರ್ಜರಿ ವಾರ್ಡಿನಲ್ಲಾದರೂ ಮಂಚ ಕೊಡಿ ಅನ್ನಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ನನ್ನ ರಕ್ತ ಓ ನೆಗೆಟಿವ್. ನಮ್ಮ ಮನೆಯವರದ್ದು ಪಾಸಿಟಿವ್. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಮಂದಿ ನೆಗೆಟಿವ್ ಇರುತ್ತಾರೆ. ತಾಯಿ ನೆಗೆಟಿವ್ ಇದ್ದು ಹೊಟ್ಟೆಯಲ್ಲಿದ್ದ ಮಗು ಪಾಸಿಟಿವ್ ಆಗಿದ್ದರೆ, ಮಗು ಹೋಗುವಾಗ ಅದರ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಬಹುದು. ಆಗ ತಾಯಿಯ ಮೈ ಅದನ್ನು ಹೊರಗಿನ ಶತ್ರು ಅಂತ ತಿಳಿದು ಪ್ರತಿಕಾಯ ತಯಾರು ಮಾಡುತ್ತದೆ. ಅವು ಒಮ್ಮೆ ಹುಟ್ಟಿದರೆ ಜೀವನಪೂರ್ತಿ ಉಳಿಯುತ್ತವೆ. ಮುಂದಿನ ಸಲ ಬಸುರಿಯಾದಾಗ ಅವೇ ಮಾಸು ದಾಟಿ ಹೋಗಿ ಆ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಗುವಿಗೆ ರಕ್ತ ಕಡಿಮೆಯಾಗುತ್ತದೆ, ಮೈಯಲ್ಲಿ ನೀರು ತುಂಬುತ್ತದೆ, ಹುಟ್ಟಿದರೂ ಜೋರಾಗಿ ಕಾಮಾಲೆ ಬರುತ್ತದೆ. ಹೊಟ್ಟೆಯಲ್ಲೇ ತೀರಿಹೋಗುವುದೂ ಉಂಟು.

ಇದನ್ನು ತಡೆಯಲು ಆಂಟಿ-ಡಿ ಅಂತ ಒಂದೇ ಒಂದು ಇಂಜೆಕ್ಷನ್ ಇದೆ. ಗರ್ಭಪಾತವಾದ 72 ಗಂಟೆಯೊಳಗೆ ಕೊಡಬೇಕು. ಐದನೇ ತಿಂಗಳಿಗೆ 300 ಮೈಕ್ರೋಗ್ರಾಂ. ನನ್ನ ರಕ್ತದ ಗುಂಪು ಫೈಲಿನ ಮೊದಲನೇ ಪುಟದಲ್ಲೇ ಇತ್ತು. ಕೈಗೆ ಕಟ್ಟಿದ್ದ ಪಟ್ಟಿಯಲ್ಲೂ ಇತ್ತು. ಆದರೂ ಕೊಡಲಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಂಟಿಬಯೋಟಿಕ್, ಐರನ್ ಮಾತ್ರೆ, "ರೆಸ್ಟ್" ಅಂತ ಬರೆದು ಕಳಿಸಿಬಿಟ್ಟರು.

ಉಳಿಸಿದ್ದು ನಮ್ಮ ಊರಿನ ಆಶಾ ಅಕ್ಕ ಮತ್ತು ಪಿಎಚ್‌ಸಿಯ ನರ್ಸಮ್ಮ. ಸುದ್ದಿ ಕೇಳಿ ಆಶಾ ಅಕ್ಕ ಮನೆಗೆ ಬಂದರು. ನರ್ಸಮ್ಮನನ್ನೂ ಕರೆದುಕೊಂಡು ಬಂದಿದ್ದರು. ನರ್ಸಮ್ಮ ಮೊದಲು ನನ್ನ ಪಕ್ಕ ಚಾಪೆ ಮೇಲೆ ಕೂತರು. "ತುಂಬಾ ನೋವಾಯ್ತೇನಮ್ಮಾ?" ಅಂದರು. ಆಸ್ಪತ್ರೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ನಾನು ಅತ್ತುಬಿಟ್ಟೆ. ಆಮೇಲೆ ತಾಯಿ ಕಾರ್ಡ್ ತರಿಸಿ ನೋಡಿದವರೇ, "ನೆಗೆಟಿವ್ ಇದೆಯಲ್ಲಾ, ಇಂಜೆಕ್ಷನ್ ಕೊಟ್ರಾ?" ಅಂದರು. ನಮಗೆ ಯಾವ ಇಂಜೆಕ್ಷನ್ ಅಂತಲೇ ಗೊತ್ತಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ ಅಲ್ಲಿಂದ ಬಂದ ಉತ್ತರ: "ಮಗು ಉಳೀಲಿಲ್ವಲ್ಲ ಸರ್, ಅದಕ್ಕೇ ಬೇಡ ಅಂತ ಬಿಟ್ವಿ."

ಈ ಮಾತು ಪೂರಾ ತಪ್ಪು. ಮಗು ಉಳಿದರೂ ಇಂಜೆಕ್ಷನ್ ಬೇಕು, ಉಳಿಯದಿದ್ದರೂ ಬೇಕು. ರಕ್ತ ಬೆರೆಯುವುದಕ್ಕೆ ಮಗು ಬದುಕಿರಲೇಬೇಕು ಅಂತೇನಿಲ್ಲ. ಟ್ಯೂಬಿನಲ್ಲಿ ಗರ್ಭ ನಿಂತು ಆಪರೇಷನ್ ಆದವರೂ ಇದನ್ನು ಕೇಳಲೇಬೇಕು. ತೀರಾ ಮೊದಲ ವಾರಗಳಲ್ಲಿ ಹೋದ ಗರ್ಭಕ್ಕೆ ಬೇಕಾ ಬೇಡವಾ ಅಂತ ಡಾಕ್ಟರೇ ಹೇಳಬೇಕು. ಆದರೆ ಪ್ರಶ್ನೆ ಕೇಳಬೇಕಾದವರು ನೀವು.

ಗಡಿಯಾರ ನೋಡಿದರೆ ಹೆಚ್ಚು ಗಂಟೆ ಉಳಿದಿರಲಿಲ್ಲ. ಈ ಇಂಜೆಕ್ಷನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ನಮ್ಮ ಮನೆಯವರು ಬೈಕಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದರು. ಕೊನೆಗೆ ಸರ್ಕಾರಿ ಆಸ್ಪತ್ರೆಯ ಹತ್ತಿರದ ಒಂದು ಅಂಗಡಿಯಲ್ಲಿ ಸಿಕ್ಕಿತು, ಐಸ್ ಪ್ಯಾಕ್ ಜೊತೆ ಕೊಟ್ಟರು. ಗಡುವು ಮುಗಿಯುವ ಸ್ವಲ್ಪ ಮುಂಚೆ ಕೊಡಿಸಿಕೊಂಡೆ. ನಿಮಗೆ 72 ಗಂಟೆ ದಾಟಿದ್ದರೆ ಇನ್ನೇನು ಮಾಡೋದು ಅಂತ ಕೈಚೆಲ್ಲಬೇಡಿ. ಹತ್ತು ದಿನದವರೆಗೂ ಕೊಟ್ಟರೆ ಸ್ವಲ್ಪ ಮಟ್ಟಿಗೆ ಕೆಲಸ ಮಾಡಬಹುದು, ಕೂಡಲೇ ಡಾಕ್ಟರ್ ಹತ್ತಿರ ಹೋಗಿ. ಗಂಡನದ್ದೂ ನೆಗೆಟಿವ್ ಇದ್ದರೆ ಇದರ ಅಗತ್ಯ ಇರುವುದಿಲ್ಲ.

ಆಸ್ಪತ್ರೆಯವರು ಹೇಳದೇ ಬಿಟ್ಟ ಇನ್ನೊಂದು ವಿಷಯ ಎದೆ ಹಾಲು. ನಾಲ್ಕು ತಿಂಗಳು ದಾಟಿದ ಮೇಲೆ ಮಗು ಹೋದರೂ ಹಾಲು ಬರುತ್ತದೆ. ನನಗೆ ಮನೆಗೆ ಬಂದ ಮೇಲೆ ಎದೆ ಕಲ್ಲಿನಂತೆ ಗಟ್ಟಿಯಾಯಿತು, ರವಿಕೆ ಒದ್ದೆಯಾಯಿತು. ಮಗು ಇಲ್ಲ, ಹಾಲು ಮಾತ್ರ ಇದೆ. ಆ ಹೊತ್ತಿನ ಸಂಕಟ ಬರೆಯಲು ಬರುವುದಿಲ್ಲ. ಹಾಲು ನಿಲ್ಲಿಸಲು ಕ್ಯಾಬರ್ಗೋಲಿನ್ ಅಂತ ಮಾತ್ರೆ ಇದೆ, ಮೊದಲ ದಿನವೇ ಕೊಟ್ಟರೆ ಒಳ್ಳೆಯದು. ಬಿಪಿ ಜಾಸ್ತಿ ಇರುವವರಿಗೆ ಅದು ಆಗುವುದಿಲ್ಲ, ಹಾಗಾಗಿ ಡಾಕ್ಟರೇ ಕೊಡಬೇಕು. ಮಾತ್ರೆ ಇಲ್ಲದಿದ್ದರೆ ಸರಿಯಾಗಿ ಹಿಡಿದಿಡುವ ಬ್ರಾ ಹಾಕಿಕೊಳ್ಳಿ, ತಣ್ಣೀರು ಬಟ್ಟೆ ಇಡಿ. ಹಿಂಡಬೇಡಿ, ಬಿಸಿನೀರು ಹುಯ್ದುಕೊಳ್ಳಬೇಡಿ, ಎರಡರಿಂದಲೂ ಹಾಲು ಇನ್ನಷ್ಟು ಬರುತ್ತದೆ. ನಮ್ಮ ಅಜ್ಜಿ ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿಸಿದರು. ಹಳೇ ಕಾಲದ ನಂಬಿಕೆ ಅಂದುಕೊಂಡಿದ್ದೆ. 1988ರಲ್ಲೇ ಮಲ್ಲಿಗೆಯನ್ನು ಹಾಲು ನಿಲ್ಲಿಸುವ ಮಾತ್ರೆಯ ಜೊತೆ ಹೋಲಿಸಿ ನೋಡಿದ ಅಧ್ಯಯನ ಬಂದಿದೆ, ಎರಡರಿಂದಲೂ ಹಾಲು ತಗ್ಗಿತ್ತು ಅಂತ ಆಮೇಲೆ ತಿಳಿಯಿತು. ಎದೆ ಕೆಂಪಾಗಿ ಜ್ವರ ಬಂದರೆ ಮಾತ್ರ ಮನೆಮದ್ದಿನಲ್ಲಿ ಕೂರಬೇಡಿ.

ರಕ್ತಸ್ರಾವ ಎಷ್ಟಾದರೆ ಗಾಬರಿಪಡಬೇಕು ಅಂತಲೂ ನಮಗೆ ಹೇಳಿ ಕಳಿಸಲಿಲ್ಲ. ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ಒದ್ದೆಯಾಗಿ, ಅದೇ ಎರಡು ಗಂಟೆ ಸತತವಾಗಿ ನಡೆದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. 100.4 ಡಿಗ್ರಿ ದಾಟಿದ ಜ್ವರ, ಕೆಟ್ಟ ವಾಸನೆ, ತಲೆ ಸುತ್ತಿ ಬೀಳುವುದು, ಇವಕ್ಕೂ ಬೆಳಗಾಗಲಿ ಅಂತ ಕಾಯಬಾರದು.

ಮನಸ್ಸಿನ ಮಾತಿಗೆ ಬಂದರೆ, "ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತೆ" ಅನ್ನುವವರೇ ಎಲ್ಲರೂ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅದು ಕೇಳುವವಳ ಎದೆಗೆ ಚುಚ್ಚುತ್ತದೆ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ನಾನು ಮಾಡಿದ್ದೇನೆ.

ಕಾಗದಪತ್ರ ಬಿಡಬೇಡಿ. ಬರೆದು ಕೇಳಿದರೆ ನಿಮ್ಮ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನಡವಳಿಕೆ ನಿಯಮದಲ್ಲೇ ಇದೆ. ನಮಗೆ ಕೊಡಲು ಸತಾಯಿಸಿದರು, ನಿಯಮ ತೋರಿಸಿದ ಮೇಲೆ ಕೊಟ್ಟರು. ಖಾಸಗಿ ಆಸ್ಪತ್ರೆಯ ಮೇಲೆ ದೂರಿದ್ದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ ಇದೆ, ಅಲ್ಲಿಗೆ ಕೊಡಬಹುದು.

ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ವಿಷಯ. ನನಗೆ ಆಫೀಸಿನಲ್ಲಿ "ಸಿಕ್ ಲೀವ್ ಹಾಕಿ" ಅಂದರು. ಗರ್ಭಪಾತವಾದರೆ ಸಂಬಳ ಸಹಿತ ಆರು ವಾರ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು, ಅದನ್ನು ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿಸಿಕೊಂಡಿದ್ದಾರೆ. ಅದರಿಂದ ಕಾಯಿಲೆ ಬಿದ್ದರೆ ಇನ್ನೂ ಒಂದು ತಿಂಗಳವರೆಗೆ ಕೇಳಬಹುದು. ರಜೆ ಅರ್ಜಿಯ ಜೊತೆ ಡಿಸ್ಚಾರ್ಜ್ ಸಮ್ಮರಿ ಕೊಡಬೇಕಾಗುತ್ತದೆ. ಆದ್ದರಿಂದ ಬಿಲ್ ಕಟ್ಟುವ ಮುಂಚೆಯೇ ಅದನ್ನು ಓದಿ ನೋಡಿ: ಎಷ್ಟನೇ ವಾರ, ಯಾವ ತಾರೀಖು, ನಿಮ್ಮ ರಕ್ತದ ಗುಂಪು, ಆಂಟಿ-ಡಿ ಕೊಟ್ಟ ಸಮಯ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಅಲ್ಲೇ ನಿಂತು ಬರೆಸಿಕೊಂಡು, ಸೀಲ್ ಹಾಕಿಸಿಕೊಂಡೇ ಹೊರಡಿ.