ಎಸ್‌ಬಿಸಿಎಲ್ ಡಿಬಗ್ಗರ್: ಲಿಸ್ಪ್ ಬದಿಗೆ ಫುಲ್ ಮಾರ್ಕ್ಸ್, ಸಿ ಬದಿಗೆ ಹೋದ್ರೆ ಜಿಡಿಬಿ ಬೇಕೇ ಬೇಕು

ಬೈಕಂಪಾಡಿಯ ಒಂದು ಗೇರುಬೀಜ ಫ್ಯಾಕ್ಟರಿಗೆ ನಾವು ಮಾಡಿಕೊಟ್ಟ ತೂಕದ ಸಾಫ್ಟ್‌ವೇರ್ ಉಂಟು, ಮೇಲೆ ಕಾಮನ್ ಲಿಸ್ಪ್ ಭಾಷೆಯ ಕೋಡ್, ಕೆಳಗೆ ತೂಕದ ಮಷಿನ್ ಓದ್ಲಿಕ್ಕೆ ಮಷಿನ್‌ನವ್ರೇ ಕೊಟ್ಟ ಸಿ ಲೈಬ್ರರಿ, ಸೋರ್ಸ್ ಕೇಳಿದ್ರೆ ಕೊಡುದಿಲ್ಲ, ಬರೀ ಕಂಪೈಲ್ ಆದ ಎಸ್‌ಒ ಫೈಲ್. ಹಾಗಾಗಿ ನಮ್ಮ ಲಿಸ್ಪ್ ಕಂಪೈಲರ್ ಎಸ್‌ಬಿಸಿಎಲ್‌ನ ಡಿಬಗ್ಗರ್ (ಎರರ್ ಬಂದಾಗ ಪ್ರೋಗ್ರಾಂ ನಿಲ್ಲಿಸಿ ತಪ್ಪು ಹುಡುಕ್ಲಿಕ್ಕೆ ಬಿಡುವ ಸಾಧನ) ಜೊತೆ ನಂದು ದಿನಾ ಗುದ್ದಾಟ. ಸುಮ್ನೆ ಲಿಸ್ಪ್ ಕಲೀಲಿಕ್ಕೆ ಹೊರಟವ್ರಿಗೆ ಇಷ್ಟೆಲ್ಲ ಬೇಡ.

1999ರಲ್ಲಿ ವಿಲಿಯಂ ನ್ಯೂಮನ್ ಸಿಎಂಯುಸಿಎಲ್ ಅನ್ನುವ ಹಳೇ ಲಿಸ್ಪ್ ಕಂಪೈಲರ್‌ನಿಂದ ಬೇರೆ ಮಾಡಿದ ಕಂಪೈಲರ್ ಇದು, ಫ್ರೀ, ಹೆಚ್ಚುಕಮ್ಮಿ ತಿಂಗಳಿಗೊಂದು ರಿಲೀಸ್. ಇದ್ರದ್ದು ದೊಡ್ಡ ಗುಣ ಎಂತ ಅಂದ್ರೆ ಸುಲಭದಲ್ಲಿ ಸಾಯುದಿಲ್ಲ ಮಾರಾಯ್ರೆ. ಸಿ ಕೋಡ್ ಎಲ್ಲಿಯೋ ಕೆಟ್ಟ ಪಾಯಿಂಟರ್ ಮುಟ್ಟಿದ್ರೆ ಬೇರೆ ಪ್ರೋಗ್ರಾಂ ಸೆಗ್‌ಫಾಲ್ಟ್ ಅಂತ ಹೇಳಿ ಅಲ್ಲಿಗೇ ಮುಗೀತದೆ, ಇದು ಆಪರೇಟಿಂಗ್ ಸಿಸ್ಟಂ ಕಳಿಸುವ ಆ ಸಿಗ್ನಲನ್ನು ತಾನೇ ಹಿಡ್ಕೊಂಡು ಮೆಮೊರಿ ಫಾಲ್ಟ್ ಅಂತ ಮಾಮೂಲಿ ಲಿಸ್ಪ್ ಎರರ್ ಮಾಡಿ ಡಿಬಗ್ಗರ್ ತೆಗ್ದು ಕೊಡ್ತದೆ, ಸ್ಲೈಮ್‌ನಲ್ಲಿ (ಇಮ್ಯಾಕ್ಸ್ ಎಡಿಟರ್‌ನ ಲಿಸ್ಪ್ ಸಾಧನ) ಕ್ಯೂ ಒತ್ತಿ ವಾಪಸ್ ಬರ್ಬಹುದು. ಕನ್ಸೋಲ್‌ನಲ್ಲಿ ಮಾತ್ರ ಒಂದು ಕರಪ್ಷನ್ ವಾರ್ನಿಂಗ್ ಬೀಳ್ತದೆ, ಕೊನೆಯ ಸಾಲು "ಕಂಟಿನ್ಯೂಯಿಂಗ್ ವಿತ್ ಫಿಂಗರ್ಸ್ ಕ್ರಾಸ್ಡ್". ನಗು ಬಂದ್ರೂ ಅದು ಹೇಳುದು ಸತ್ಯವೇ, ಒಳಗೆ ಎಂತ ಹಾಳಾಗಿದೆ ಅಂತ ಅದಕ್ಕೂ ಗೊತ್ತಿರುದಿಲ್ಲ. ಆಫೀಸಲ್ಲಿ ಡಿಬಗ್ ಮಾಡುವಾಗ ಇದು ವರ. ಆದ್ರೆ 11.34 ಕೆಜಿ ಡಬ್ಬ ತುಂಬಿಸುವಲ್ಲಿ ಹಾಳಾದ ಮೆಮೊರಿ ಇಟ್ಕೊಂಡು ಓಡುದು ಬೇಡ, ಅಲ್ಲಿ ಲೂಸ್-ಆನ್-ಕರಪ್ಷನ್ ಜೊತೆ ಡಿಸೇಬಲ್-ಎಲ್‌ಡಿಬಿ ಆಪ್ಷನ್ ಕೂಡ ಹಾಕಿ ಓಡಿಸಿ (ಎಲ್‌ಡಿಬಿ ಎಂತ ಅಂತ ಕೆಳಗೆ ಹೇಳ್ತೇನೆ), ಸಾಯುದಾದ್ರೆ ಕೂಡ್ಲೇ ಸಾಯ್ಲಿ.

ಈಗ ತಲೆಬಿಸಿ ಶುರು. ಬ್ಯಾಕ್‌ಟ್ರೇಸ್‌ನಲ್ಲಿ, ಅಂದ್ರೆ ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತು ಅನ್ನುವ ಪಟ್ಟಿಯಲ್ಲಿ, ಲಿಸ್ಪ್ ಫ್ರೇಮ್ (ಒಂದು ಕರೆಗೆ ಒಂದು) ಎಲ್ಲ ಚಂದ, ಆರ್ಗ್ಯುಮೆಂಟ್ ಸಮೇತ ಕಾಣ್ತದೆ, ಸಿ ಬಂದ ಕೂಡ್ಲೇ "ಫಾರಿನ್ ಫಂಕ್ಷನ್" ಅಂತ ಒಂದು ಹೆಸ್ರೋ ಅಡ್ರೆಸ್ಸೋ ಅಷ್ಟೇ. ಕೆಲವು ಫ್ರೇಮ್ ಮಾಯವೇ ಆಗ್ತದೆ, ಯಾಕಂದ್ರೆ ಇದು ಸ್ಟ್ಯಾಕ್ ಹತ್ತುದು ಹಿಂದಿನ ಫ್ರೇಮ್ ಎಲ್ಲಿ ಅಂತ ತೋರಿಸುವ ಫ್ರೇಮ್ ಪಾಯಿಂಟರ್ ಹಿಡ್ಕೊಂಡು, ಸಿ ಕಂಪೈಲರ್ ಜಿಸಿಸಿ ಆಪ್ಟಿಮೈಸ್ ಮಾಡುವಾಗ ಅದನ್ನೇ ತೆಗ್ದು ಹಾಕ್ತದೆ. ಸಿ ಕೋಡಿಗೆ ಬಳಸುವ ಡಿಬಗ್ಗರ್ ಜಿಡಿಬಿಯಲ್ಲಿ ನೋಡುವ ಅಂದ್ರೆ ಅಲ್ಲಿ ಉಲ್ಟಾ, ಸಿ ಕಾಣ್ತದೆ, ಲಿಸ್ಪ್ ಇದ್ದಲ್ಲಿ ಬರೀ ಪ್ರಶ್ನೆ ಚಿಹ್ನೆ. ಅದೂ ಅಲ್ದೆ ಗಾರ್ಬೇಜ್ ಕಲೆಕ್ಷನ್‌ಗೆ (ಬೇಡದ ಮೆಮೊರಿ ವಾಪಸ್ ತಗೊಳ್ಳುವ ಕೆಲಸ) ಬೇರೆ ಥ್ರೆಡ್ ನಿಲ್ಲಿಸ್ಲಿಕ್ಕೆ ಎಸ್‌ಬಿಸಿಎಲ್ ಸಿಗ್‌ಯುಎಸ್‌ಆರ್2 ಅನ್ನುವ ಸಿಗ್ನಲ್ ಕಳಿಸ್ತದೆ, ಜಿಡಿಬಿ ಪ್ರತಿ ಸಲ ಅದಕ್ಕೆ ನಿಲ್ತದೆ, ಹಾಗಾಗಿ ಮೊದ್ಲೇ ಹ್ಯಾಂಡಲ್ ಕಮಾಂಡಲ್ಲಿ ನೋಸ್ಟಾಪ್ ನೋಪ್ರಿಂಟ್ ಪಾಸ್ ಕೊಡ್ಬೇಕು.

ಎಲ್ಲದಕ್ಕಿಂತ ಮೋಸ ಕಾಲ್‌ಬ್ಯಾಕ್‌ದ್ದು. ತೂಕ ಸಿಕ್ಕಿದ ಕೂಡ್ಲೇ ಲೈಬ್ರರಿ ನಮ್ಮ ಲಿಸ್ಪ್ ಫಂಕ್ಷನ್ ಕರೀತದೆ, ಅದ್ರೊಳಗೆ ಎರರ್ ಬಂತು, ಡಿಬಗ್ಗರ್ ಬಂತು, ನಾವು ಅಬಾರ್ಟ್ ಒತ್ತಿದ್ವಿ, ಎಲ್ಲ ಸರಿ ಕಾಣ್ತದೆ. ಮುಂದಿನ ಸಲ ತೂಕ ಕೇಳಿದ್ರೆ ಉಸಿರಿಲ್ಲ! ಆದದ್ದೆಂತ, ಅಬಾರ್ಟ್ ಮಾಡಿದ್ರೆ ಸ್ಟ್ಯಾಕ್ ಮಧ್ಯ ಇದ್ದ ಸಿ ಫ್ರೇಮ್‌ಗಳನ್ನು ಹಾರಿಯೇ ಬರುದು, ಹೊರಡುವಾಗ ಕ್ಲೀನ್ ಮಾಡುವ ಲಿಸ್ಪ್‌ನ ಅನ್‌ವೈಂಡ್-ಪ್ರೊಟೆಕ್ಟ್ ಲಿಸ್ಪ್ ಬದಿಯದ್ದನ್ನು ಮಾತ್ರ ಕ್ಲೀನ್ ಮಾಡ್ತದೆ, ಸಿ ಹಾಕಿದ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಬೀಗ) ಲಾಕ್ ಆಗಿಯೇ ಉಳೀತದೆ. ಡಿಬಗ್ಗರ್ ಇದ್ರ ಬಗ್ಗೆ ತುಟಿ ಬಿಚ್ಚುದಿಲ್ಲ. ಕಾಲ್‌ಬ್ಯಾಕ್ ಒಳಗಿನ ಕೋಡಿಗೆ ಎರರ್ ಹಿಡಿಯುವ ಹ್ಯಾಂಡ್ಲರ್-ಕೇಸ್ ಸುತ್ತಿ, ಎರರ್ ಬಂದ್ರೆ ಸಿ ಬದಿಗೆ ಒಂದು ಎರರ್ ನಂಬರ್ ರಿಟರ್ನ್ ಮಾಡಿ, ಬೇರೆ ದಾರಿ ಇಲ್ಲ.

ಮತ್ತೆ ಫ್ಲೋಟಿಂಗ್ ಪಾಯಿಂಟ್. ಸಿ ಲೈಬ್ರರಿ ಒಳಗೆ ಸೊನ್ನೆಯಿಂದ ಭಾಗ ಮಾಡಿದ್ರೆ ಸಿ ಪ್ರೋಗ್ರಾಂನಲ್ಲಿ ಸದ್ದಿಲ್ದೆ ಇನ್ಫಿನಿಟಿ ಬರ್ತದೆ, ಇಲ್ಲಿ ಇಂಥ ಲೆಕ್ಕ ತಪ್ಪಿದ್ರೆ ನಿಲ್ಲಿಸುವ ಟ್ರ್ಯಾಪ್ ಆನ್ ಇರುದ್ರಿಂದ ಡಿಬಗ್ಗರ್ ಎದ್ದು ನಿಲ್ತದೆ, ತಪ್ಪು ನಮ್ದೋ ಅವ್ರದ್ದೋ ಅಂತ ಹುಡುಕ್ತಾ ಕೂರ್ಬೇಕು. ಸಿ ಕರೆಯ ಸುತ್ತ ಆ ಟ್ರ್ಯಾಪ್ ಆಫ್ ಮಾಡುವ ವಿತ್-ಫ್ಲೋಟ್-ಟ್ರ್ಯಾಪ್ಸ್-ಮಾಸ್ಕ್ಡ್ ಸುತ್ತಿದ್ರೆ ಶಾಂತಿ.

ಎಲ್‌ಡಿಬಿ ಅಂತ ಇನ್ನೊಂದು ಉಂಟು, ಲಿಸ್ಪ್‌ನ ಡಿಬಗ್ಗರೇ ಕೈಬಿಟ್ಟಾಗ ಬರುವ ಕೆಳಗಿನ ಡಿಬಗ್ಗರ್. ನಾವು ಕೊಟ್ಟ ಬಫರ್‌ನ ಗಡಿ ದಾಟಿ ಸಿ ಬರೆದ್ರೆ ಅದು ಗೊತ್ತಾಗುದು ಆಮೇಲೆ ಎಷ್ಟೋ ಹೊತ್ತಿಗೆ, ಕಲೆಕ್ಷನ್ ಓಡುವಾಗ, ಆಗ ನೇರ ಎಲ್‌ಡಿಬಿ ಪ್ರಾಂಪ್ಟ್. ಅಲ್ಲಿ ಬ್ಯಾಕ್‌ಟ್ರೇಸ್ ತೆಗೆದ್ರೂ ಬರೀ ಕಲೆಕ್ಟರ್ ಕಾಣ್ತದೆ, ನಿಜವಾದ ಕಳ್ಳ ಯಾವಾಗ್ಲೋ ಹೋಗಿ ಆಗಿರ್ತದೆ.

ನಂದು ಐದಕ್ಕೆ ನಾಲ್ಕು. ಒಂದು ಕಟ್ ಮಾಡಿದ್ದು ಕಾಲ್‌ಬ್ಯಾಕ್ ವಿಷ್ಯಕ್ಕೆ, ಸಿ ಫ್ರೇಮ್ ಹಾರಿ ಹೋಗ್ತಾ ಉಂಟು ಅಂತ ಅಬಾರ್ಟ್ ಹತ್ರ ಒಂದು ಸಾಲು ಬರೆದಿದ್ರೆ ಸಾಕಿತ್ತು. ಫ್ರೇಮ್ ಪಾಯಿಂಟರ್ ಉಳಿಸಿ ಬಿಲ್ಡ್ ಮಾಡಿ ಕೊಡಿ ಅಂತ ಲೈಬ್ರರಿಯವ್ರಿಗೆ ಮೇಲ್ ಹಾಕಿದ್ದೇನೆ, ಇನ್ನೂ ಸುದ್ದಿ ಇಲ್ಲ.