ಕೋಲಾರದ ಚೆಂಡಂಗಡಿ: ಮೊದಲು ನೆಲ, ಆಮೇಲೆ ಶೂ

ಕ್ಲಾಕ್ ಟವರ್‌ನಿಂದ ಐದು ನಿಮಿಷ ನಡೆದರೆ ಸಿಗುವ ಈ ಅಂಗಡಿಯ ಬೋರ್ಡಿನ ಅಕ್ಷರಗಳು ಬಿಸಿಲಿಗೆ ಮಾಸಿ ಎಷ್ಟು ವರ್ಷವಾಯಿತೋ. ಸುತ್ತಲಿನವರ ಬಾಯಲ್ಲಿ ಅದು ‘ಚೆಂಡಂಗಡಿ’. ಮುಂದೆ ತೂಗುಹಾಕಿರುವುದೆಲ್ಲ ಕ್ರಿಕೆಟ್ ಬ್ಯಾಟು. ಫುಟ್‌ಬಾಲ್ ಸಾಮಾನು ಬೇಕಾದವರು ಏಣಿಯ ಹಿಂದಕ್ಕೆ ನುಸುಳಬೇಕು.

ನನ್ನ ಮಗಳಿಗೆ ಹದಿಮೂರು ವರ್ಷ. ಮಿಡ್‌ಫೀಲ್ಡ್‌ನಲ್ಲಿ ಆಡುತ್ತಾಳೆ, ಅದೂ ಹುಡುಗರ ಜೊತೆ. ಹುಡುಗಿಯರ ತಂಡ ಕಟ್ಟೋಣವೆಂದರೆ ನಾಲ್ಕು ಜನರ ಮೇಲೆ ಐದನೆಯವಳು ಸಿಕ್ಕಿಲ್ಲ. ಅವಳ ಕೋಣೆಯ ಗೋಡೆಯ ಮೇಲಿರುವುದು ಜರ್ಮನಿಯ ಫುಟ್‌ಬಾಲ್ ಆಟಗಾರ್ತಿ ಲೇನಾ ಓಬರ್‌ಡಾರ್ಫ್. ಆಕೆಯೂ ಚಿಕ್ಕಂದಿನಲ್ಲಿ ಹುಡುಗರೊಂದಿಗೇ ಆಡಿ ಬೆಳೆದವಳು ಎಂಬುದನ್ನು ಮಗಳು ವಾರಕ್ಕೆರಡು ಸಲ ನನ್ನ ಕಿವಿಗೆ ಹಾಕುತ್ತಾಳೆ. 2019ರಲ್ಲಿ ಫ್ರಾನ್ಸ್‌ನಲ್ಲಿ ನಡೆದ ಮಹಿಳಾ ವಿಶ್ವಕಪ್‌ನಲ್ಲಿ ಕಣಕ್ಕಿಳಿದಾಗ ಆಕೆಗೆ ಹದಿನೇಳು ವರ್ಷ. ವಿಶ್ವಕಪ್ ಆಡಿದ ಅತಿ ಕಿರಿಯ ಜರ್ಮನ್ ಆಟಗಾರ್ತಿ ಎಂಬ ದಾಖಲೆ ಅದುವರೆಗೆ ಬಿರ್ಗಿಟ್ ಪ್ರಿನ್ಸ್ ಹೆಸರಿನಲ್ಲಿತ್ತು. 2022ರ ಯೂರೋ ಕಪ್‌ನಲ್ಲಿ ಶ್ರೇಷ್ಠ ಯುವ ಆಟಗಾರ್ತಿ ಪ್ರಶಸ್ತಿಯೂ ಬಂತು. ಹೆಚ್ಚು ಗೋಲು ಹೊಡೆಯುವವಳಲ್ಲ, ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವವಳು. ಮನೆಯಲ್ಲಿ ತಮ್ಮನ ಕೈಯಿಂದ ರಿಮೋಟ್ ಕಿತ್ತುಕೊಳ್ಳುವಾಗ ನಮ್ಮವಳಿಗೆ ಈ ವಿದ್ಯೆ ಚೆನ್ನಾಗಿ ಒದಗುತ್ತದೆ.

2024ರ ಜುಲೈನಲ್ಲಿ, ಪ್ಯಾರಿಸ್ ಒಲಿಂಪಿಕ್ಸ್‌ಗೆ ಕೆಲವೇ ದಿನ ಇರುವಾಗ, ಓಬರ್‌ಡಾರ್ಫ್ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ವುಲ್ಫ್ಸ್‌ಬರ್ಗ್ ಕ್ಲಬ್ ಬಿಟ್ಟು ಬಯರ್ನ್ ಮ್ಯೂನಿಕ್ ಸೇರುವ ಹೊತ್ತು ಬೇರೆ. ವರ್ಷ ಕಳೆದ ಮೇಲೆ ಮೈದಾನಕ್ಕೆ ಮರಳಿದಳು. 2025ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಗಾಯ. ಇಪ್ಪತ್ತಮೂರು ತುಂಬಿ ಇಪ್ಪತ್ತನಾಲ್ಕು ಆಗುವ ಮೊದಲೇ ಎರಡು ಸಲ! ನಾನು ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯ ಲೆಕ್ಕ ಬರೆಯುವವಳು. ಅಂದಿನಿಂದ ಮನೆಯಲ್ಲಿ ಇನ್ನೊಂದು ಮಂಡಿಯ ಚಿಂತೆ ಶುರುವಾಯಿತು. ಆಕೆಯ ಗಾಯಕ್ಕೆ ಶೂ ಕಾರಣವೆಂದು ನಾನು ಹೇಳುತ್ತಿಲ್ಲ. ಮಗಳ ಕಾಲಡಿ ನೋಡುವ ಬುದ್ಧಿ ನನಗೆ ಬಂದದ್ದು ಮಾತ್ರ ಆಗಲೇ.

ನೋಡಿದರೆ, ಆನ್‌ಲೈನ್‌ನಲ್ಲಿ 2,400 ರೂಪಾಯಿಗೆ ತರಿಸಿದ್ದ ಶೂಗಳ ಸ್ಟಡ್‌ಗಳು (ಸೋಲಿನಡಿಯ ಗುಬ್ಬಿಗಳು) ಮೆತ್ತನೆಯ ಹುಲ್ಲಿಗೆ ಮಾಡಿದವು, ಉದ್ದುದ್ದ. ನಮ್ಮ ಕೆಮ್ಮಣ್ಣಿನ ಮೈದಾನ ಬೇಸಿಗೆಯಲ್ಲಿ ರಾಗಿ ಕಣದಷ್ಟು ಗಟ್ಟಿ. ಸ್ಟಡ್ ಇಳಿಯುವುದೇ ಇಲ್ಲ, ಹುಡುಗಿ ಮರಗಾಲು ಕಟ್ಟಿದವಳಂತೆ ಓಡುತ್ತಿದ್ದಳು. ಮೂರನೆಯ ವಾರಕ್ಕೆ ಬಲಗಾಲಿನ ಸೋಲ್ ಬಾಯಿಬಿಟ್ಟಿತು. ಹದಿನೈದು ಕೆ.ಜಿ. ಬಾಕ್ಸಿನ ಮೇಲೆ ಕೆಂಪು ಹಣ್ಣು ಜೋಡಿಸಿ ಕೆಳಗೆ ಕೊಳೆತದ್ದು ತುಂಬುವವರನ್ನು ದಿನವೂ ನೋಡುವ ನಾನೇ ಫೋಟೊ ನೋಡಿ ಮೋಸಹೋದೆ.

ಚೆಂಡಂಗಡಿಯ ಯಜಮಾನರು ಕೆಜಿಎಫ್‌ನವರು. ತಂದೆ ಗಣಿಯಲ್ಲಿದ್ದರಂತೆ, ಗಣಿ 2001ರಲ್ಲಿ ಮುಚ್ಚಿದ ಮೇಲೆ ಕೋಲಾರಕ್ಕೆ ಬಂದವರು. ನಾನು ಅಳತೆ ಹೇಳುವ ಮೊದಲೇ, “ಪಾಪು ಎಂಥ ನೆಲದಲ್ಲಿ ಆಡುತ್ತದೆ ಅಮ್ಮಾ?” ಎಂದರು. ಹಳೆಯ ಶೂ ತಿರುಗಿಸಿ, ಒಂದೇ ಕಡೆ ಸವೆದ ಸ್ಟಡ್‌ಗಳ ಮೇಲೆ ಹೆಬ್ಬೆರಳು ಆಡಿಸಿ ಪಕ್ಕಕ್ಕಿಟ್ಟರು. ಆಡುವಾಗ ಹಾಕುವ ದಪ್ಪ ಕಾಲುಚೀಲ ತಂದಿಲ್ಲವೆಂದು ನಮ್ಮನ್ನು ಮನೆಗೆ ವಾಪಸು ಅಟ್ಟಿದರು, ನಿಜವಾಗಿಯೂ! ತಂದ ಮೇಲೆ ಶೂ ತೊಡಿಸಿ, ಕುಕ್ಕರಗಾಲಿನಲ್ಲಿ ಕೂರಿಸಿ, ಹಿಮ್ಮಡಿಯ ಹಿಂದೆ ಪೆನ್ಸಿಲ್ ತೂರಿಸಿದರು. ಸಲೀಸಾಗಿ ಇಳಿಯಿತು. “ಇದು ಗಂಡುಹುಡುಗರ ಅಚ್ಚು. ಹಿಮ್ಮಡಿ ಅಲ್ಲಾಡುತ್ತದೆ, ಬೇಡ” ಎಂದು ಮೂರು ಜೋಡಿ ತಳ್ಳಿಹಾಕಿದರು. ನಾಲ್ಕನೆಯದು ನಿಂತಿತು: ಸೋಲಿನ ತುಂಬ ಗಿಡ್ಡ ರಬ್ಬರ್ ಗುಬ್ಬಿಗಳಿರುವ ಟರ್ಫ್ ಶೂ, 1,150 ರೂಪಾಯಿ. ಅದಕ್ಕಿಂತ ದುಬಾರಿಯದು ಮೇಲಿನ ಸಾಲಿನಲ್ಲೇ ಇತ್ತು, ಕೈಯನ್ನೂ ಹಾಕಲಿಲ್ಲ.

ಐದು ತಿಂಗಳಾಯಿತು, ಹೊಲಿಗೆ ಬಿಟ್ಟಿಲ್ಲ. ಲೇಸ್ ಮಾತ್ರ ಕಳಪೆ, ಎರಡನೆಯ ವಾರವೇ ಕಿತ್ತುಹೋಯಿತು. ಬಿಲ್ಲನ್ನು ಕೇಳಿ ಪಡೆಯಬೇಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ. ಮೊಬೈಲ್‌ನಲ್ಲಿ ಹಣ ಕಳಿಸಿದರೆ ಮಗ ಬಂದು ನೋಡಿ ಹೂಂ ಎನ್ನುವವರೆಗೆ ಕಾಯಿಸುತ್ತಾರೆ, ನಗದು ಒಯ್ಯುವುದು ವಾಸಿ. ಅವಸರದಲ್ಲಿದ್ದರೆ ಹೋಗಲೇಬೇಡಿ, ಕೆಜಿಎಫ್‌ನ ಹಳೆಯ ಪಂದ್ಯಗಳ ಕಥೆ ಶುರುವಾದರೆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ.

ಹೊಸ ಲೇಸ್‌ಗೆಂದು ಹೋದಾಗ ನಮ್ಮವಳು ಅವರಿಗೇ ಓಬರ್‌ಡಾರ್ಫ್ ಪುರಾಣ ಒಪ್ಪಿಸಿದಳು. ಯಜಮಾನರು ಬಾಯಿ ಮುಚ್ಚಿ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಳೆದ ವಾರ ಚೆಂಡಿಗೆ ಗಾಳಿ ತುಂಬಿಸಲು ಹೋದರೆ, ಪಂಪು ಒತ್ತುತ್ತಲೇ ಮಗಳನ್ನು ಕೇಳಿದರು: “ಆ ಜರ್ಮನಿ ಹುಡುಗಿಯ ಮಂಡಿ ಈಗ ಹೇಗಿದೆಯಮ್ಮಾ?”