ಕಡ್ಡಿ ಕಟ್ಟೋ, ಮಣಿಸರವೋ, ಆಟದ ನೋಟೋ?

ಎರಡನೇ ತರಗತಿಗೆ ಬಿಡಿ-ಹತ್ತು ಕಲಿಸುವ ಅಭ್ಯಾಸ ಪಾಠ ಬಂತೆಂದರೆ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಕರ ತರಬೇತಿ) ವಿದ್ಯಾರ್ಥಿಗಳು ರಾತ್ರಿಯಿಡೀ ಚಾರ್ಟ್ ಬರೆಯುತ್ತಾರೆ. ಚಾರ್ಟ್ ಗೋಡೆಗೆ ಚೆಂದ. ಮಕ್ಕಳ ಕೈಗೆ ಏನೂ ಸಿಗುವುದಿಲ್ಲ. ಸಣ್ಣ ಕಾಲೇಜುಗಳಲ್ಲಿ ಪಾಠೋಪಕರಣದ ಕಪಾಟು ಅರ್ಧ ಖಾಲಿಯೇ, ಹಾಗಾಗಿ ಕೈಯಾರೆ ಮಾಡಿಕೊಳ್ಳಬಹುದಾದ ಮೂರು ಉಪಕರಣಗಳನ್ನು (ಕಡ್ಡಿ ಕಟ್ಟು, ಮಣಿಸರ, ಆಟದ ನೋಟು) ಮುಂಬೈಯ ಕನ್ನಡ ಮಾಧ್ಯಮದ ಮಕ್ಕಳ ಮುಂದೆ ಒಂದೇ ಲೆಕ್ಕಕ್ಕೆ ಇಟ್ಟು ನೋಡಿದ್ದು: 43ರಲ್ಲಿ 17 ಕಳೆ.

ಕಡ್ಡಿ ಕಟ್ಟಿಗೇ ನಮ್ಮ ಮೊದಲ ಮತ. ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಮೂರು ಬಿಡಿ. ಮೂರರಲ್ಲಿ ಏಳು ಹೋಗುವುದಿಲ್ಲ. ಮಗು ಒಂದು ಕಟ್ಟು ಬಿಚ್ಚುತ್ತದೆ, ಬಿಡಿ 13 ಆಗುತ್ತವೆ. ಏಳು ತೆಗೆದರೆ ಆರು. ಉಳಿದ ಮೂರು ಕಟ್ಟಿನಲ್ಲಿ ಒಂದು ಹೋದರೆ ಎರಡು. 26. ‘ಸಾಲ ತಗೋ’ ಎಂಬ ಮಾತೇ ಬೇಕಾಗುವುದಿಲ್ಲ. ಐಸ್‌ಕ್ರೀಮ್ ಕಡ್ಡಿ ಹತ್ತು ಸೇರಿದರೆ ಪುಟ್ಟ ಮುಷ್ಟಿಗೆ ದಪ್ಪ. ತೆಂಗಿನ ಪೊರಕೆ ಕಡ್ಡಿಯ ತೆಳು ತುದಿ ಬಿಸಾಕಿ, ಉಳಿದದ್ದನ್ನು 10 ಸೆಂಟಿಮೀಟರಿಗೆ ಕತ್ತರಿಸಿ. ನಾಲ್ಕು ಮಕ್ಕಳ ಗುಂಪಿಗೆ 100 ಕಡ್ಡಿ. 40 ಮಕ್ಕಳಿಗೆ ಸಾವಿರ. ಪ್ರತಿ ಗುಂಪಿಗೆ ಐದು ಕಟ್ಟು ಮೊದಲೇ ಕಟ್ಟಿಡಿ, ಉಳಿದದ್ದನ್ನು ಮಕ್ಕಳೇ ಎಣಿಸಿ ಕಟ್ಟಲಿ. ಎಲ್ಲವನ್ನೂ ಅವರಿಂದಲೇ ಕಟ್ಟಿಸಹೊರಟರೆ ಪೀರಿಯಡ್ಡೇ ಮುಗಿಯುತ್ತದೆ. ಮುಂಬೈ ಮಳೆಗಾಲದಲ್ಲಿ ಸಾದಾ ರಬ್ಬರ್‌ಬ್ಯಾಂಡ್ ಅಂಟಂಟಾಗಿ ಕಡ್ಡಿಗೆ ಮೆತ್ತಿಕೊಳ್ಳುತ್ತದೆ. ಬಟ್ಟೆ ಸುತ್ತಿದ ಹೇರ್‌ಬ್ಯಾಂಡ್ ಬಾಳುತ್ತದೆ. ಒಂದು ತಪ್ಪನ್ನು ಮಾತ್ರ ಮಾಡಬೇಡಿ: ಚೆಂದ ಕಾಣಲೆಂದು ಕಟ್ಟನ್ನು ಫೆವಿಕಾಲ್ ಹಾಕಿ ಅಂಟಿಸುವುದು. ಬಿಚ್ಚಲಾಗದ ಕಟ್ಟು ಕಳೆಯುವ ಲೆಕ್ಕಕ್ಕೆ ಬರೀ ಕಟ್ಟಿಗೆ.

ಮಣಿಸರ ಗೆಲ್ಲುವುದು ಬೇರೊಂದು ಕಡೆ. ಇಲ್ಲಿನ ಮಕ್ಕಳ ಕಿವಿಗೆ ಬೀದಿಯಲ್ಲಿ ಬೀಳುವುದು ಮರಾಠಿ. ಕನ್ನಡದ ‘ನಲವತ್ತಮೂರು’ ಹತ್ತನ್ನು ಮೊದಲು ಹೇಳಿದರೆ, ಮರಾಠಿಯ ‘ತ್ರೇಚಾಳೀಸ್’ ಮೂರನ್ನು ಮೊದಲು ಹೇಳುತ್ತದೆ. ಮಗು 34 ಬರೆಯುತ್ತದೆ. (ಇಂಥ ತೊಡಕುಗಳಿಗಾಗಿ 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿಯ ಮರಾಠಿ ಗಣಿತ ಪುಸ್ತಕ 21ಕ್ಕೆ ‘ಏಕವೀಸ್’ ಬದಲು ‘ವೀಸ್ ಏಕ್’ (ಇಪ್ಪತ್ತು ಒಂದು) ಎಂದದ್ದು, ದೊಡ್ಡ ಗಲಾಟೆಯೇ ಆದದ್ದು.) ಹತ್ತು ಕೆಂಪು, ಹತ್ತು ಬಿಳಿ ಎಂದು ಪೋಣಿಸಿದ ನೂರು ಮಣಿಯಲ್ಲಿ ಬೆರಳು ನಾಲ್ಕು ಬಣ್ಣ ದಾಟಿದ ಮೇಲಷ್ಟೇ ಮೂರು ಮಣಿಗೆ ಬರುತ್ತದೆ. ಬಾಯಲ್ಲೂ ಅದೇ ಕ್ರಮದಲ್ಲಿ ಹೇಳಿಸಿ. ಮಣಿ ಮುಂಬೈಯ ಭುಲೇಶ್ವರ ಪೇಟೆಯಲ್ಲಿ ಸಿಗುತ್ತದೆ. 12 ಮಿಲಿಮೀಟರಿನ ನೂರು ಮಣಿಗೆ 120 ಸೆಂಟಿಮೀಟರ್ ಬೇಕು, ದಾರ 150 ಇರಲಿ. ಸಡಿಲವಿಲ್ಲದಿದ್ದರೆ ಮಣಿ ಸರಿಸಲಾಗದು. ಕಳೆಯುವಾಗ ಮಾತ್ರ ಇದು ಕೈಕೊಡುತ್ತದೆ: 43 ಎಂಬುದನ್ನೇ ‘ಒಂದು’ ಎಂದು ಹಿಂದಕ್ಕೆ ಎಣಿಸಿದ ಮಗು 27ರಲ್ಲಿ ನಿಲ್ಲುತ್ತದೆ. 43ನೇ ಮಣಿಯ ಆಚೆಗೆ ಬಟ್ಟೆ ಕ್ಲಿಪ್ ಹಾಕಿ, 17 ಮಣಿಯನ್ನು ಮುಟ್ಟಿ ಮುಟ್ಟಿ ಪಕ್ಕಕ್ಕೆ ಸರಿಸಿಸಿ, ಉಳಿದದ್ದನ್ನು ಓದಿಸಿದರೆ ಸರಿಹೋಗುತ್ತದೆ.

ಆಟದ ನೋಟು ಮಾಡುವುದು ಸುಲಭ, ಆದರೆ ಎರಡನೇ ತರಗತಿಗೆ ಬೇಗವಾಯಿತು. ಹತ್ತರ ನೋಟಿನೊಳಗೆ ಹತ್ತು ಕಾಣುವುದಿಲ್ಲವಲ್ಲ! ‘ಬ್ಯಾಂಕ್’ ಆದ ಹುಡುಗನಿಗೆ ಹತ್ತರ ನೋಟು ಕೊಟ್ಟು ಒಂದರ ನೋಟು ಒಂದೇ ತಂದು ನೆಮ್ಮದಿಯಾಗಿ ಕೂರುವ ಮಕ್ಕಳಿದ್ದಾರೆ. ಕಡ್ಡಿ ಬಿಚ್ಚಿ ಪಳಗಿದ ಮೇಲೆ, ನೂರರ ಲೆಕ್ಕಕ್ಕೆ ತನ್ನಿ: 999 ತೋರಿಸಲು 27 ನೋಟು ಸಾಕು, ಅಷ್ಟು ಕಡ್ಡಿ ಹೊರುವವರಾರು? ಎಲ್ಲ ನೋಟೂ ಒಂದೇ ಅಳತೆಯಲ್ಲಿರಲಿ, ಬಣ್ಣ ಮಾತ್ರ ಬೇರೆ. ರಟ್ಟಿಗೆ ಅಂಟಿಸಿಕೊಳ್ಳಿ, ಇಲ್ಲದಿದ್ದರೆ ಫ್ಯಾನ್ ಹಾಕಿದ ಕೂಡಲೇ ಬ್ಯಾಂಕ್ ದಿವಾಳಿ.